ಕ್ಯಾಮೆರಾ ಹೆಗಲಿಗೇರಿಸಿ ತಿರುಗುವವರಿಗೆ ಯಾವ ಲ್ಯಾಪ್‌ಟಾಪ್ ಸರಿ?

ನವೆಂಬರ್ ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬರಲು ಶುರು. ಕಂಬಳ, ಕೋಲ, ಯಕ್ಷಗಾನ ಮೇಳಗಳ ತಿರುಗಾಟ, ಮದುವೆ, ಎಲ್ಲವೂ ಒಟ್ಟೊಟ್ಟಿಗೆ ಹೊರಡುವ ಹೊತ್ತು ಅದು. "ಅಣ್ಣಾ, ಕೈಯಲ್ಲಿ ಒಂದು ಲಕ್ಷ ಉಂಟು. ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಳುದಾ, ಮ್ಯಾಕ್‌ಬುಕ್ ಏರ್ ತಗೊಳ್ಳುದಾ?" ಅಂತ ಮೊನ್ನೆ ಮಣಿಪಾಲದ ಹುಡುಗನೊಬ್ಬ ಕೇಳಿದ. ಪ್ರೊಸೆಸರ್ ಯಾವುದು, ಎಷ್ಟು ಕೋರ್, ಯಾವ ಗ್ರಾಫಿಕ್ಸ್ ಕಾರ್ಡ್, ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡು ಬಂದಿದ್ದ. ನಾನು ತಿರುಗಿ ಕೇಳಿದ್ದು ಒಂದೇ ಮಾತು. "ನಿನ್ನ ಕೆಲಸ ಮುಗಿಯುವುದು ಎಲ್ಲಿ? ಮನೆಗೆ ಬಂದ ಮೇಲಾ, ದಾರಿಯಲ್ಲೇನಾ?"

ಅವನ ಪುಸ್ತಕದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಆದರೆ ಲ್ಯಾಪ್‌ಟಾಪ್ ಆರಿಸುವಾಗ ಮೊದಲು ಬೇಕಾದದ್ದು ಆ ಉತ್ತರವೇ.

ಉಡುಪಿಯ ಪರ್ಯಾಯವನ್ನೇ ತಗೊಳ್ಳಿ. ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ಜೋಡುಕಟ್ಟೆಯಿಂದ ಮೆರವಣಿಗೆ ಹೊರಡುತ್ತದೆ. ಬೆಳಕು ಹರಿಯುವಷ್ಟರಲ್ಲಿ ಚಿತ್ರ ಕಳಿಸಿ, ಎಂಟು ಗಂಟೆಗೆ ಒಂದು ನಿಮಿಷದ ವಿಡಿಯೋ ಕೊಡಿ ಅನ್ನುವವರಿಗೆ ಕೆಲಸ ಮಾಡುತ್ತಿದ್ದರೆ, ನಿಮ್ಮ ಕೆಲಸ ರಥಬೀದಿಯ ಯಾವುದೋ ಜಗಲಿಯ ಮೇಲೆ ಕೂತು ಮುಗಿಯಬೇಕು. ಅದೇ ಮದುವೆ ಶೂಟ್ ಆದರೆ ಆಲ್ಬಮ್, ವಿಡಿಯೋ ಕೊಡಲು ವಾರಗಟ್ಟಲೆ ಸಮಯ ಇರುತ್ತದೆ. ದಾರಿಯಲ್ಲಿ ಕಾರ್ಡ್ ಖಾಲಿ ಮಾಡಿ, ಎರಡು ಕಾಪಿ ಇಟ್ಟು, ಫೋಕಸ್ ಸರಿ ಬಂದಿದೆಯಾ ನೋಡಿದರೆ ಸಾಕು. ಈ ಇಬ್ಬರಿಗೂ ಒಂದೇ ಲ್ಯಾಪ್‌ಟಾಪ್ ಹೇಳಿದರೆ ಒಬ್ಬರ ದುಡ್ಡು ದಂಡ.

ನೀವು ಯಾವ ಸಾಲಿನವರು ಅನ್ನುವುದು ಮನಸ್ಸಿನಲ್ಲಿರಲಿ. ಮುಂದಿನದನ್ನೆಲ್ಲ ಅದರ ಮೇಲೆಯೇ ತೂಗೋಣ.

ಮೊದಲು ನೋಡಬೇಕಾದ್ದು ಪರದೆ

ಅಂಗಡಿಯವರು ಪ್ರೊಸೆಸರಿನ ಹೆಸರು ಹೇಳುತ್ತಾರೆ, ಪರದೆಯ ಬಗ್ಗೆ "ಫುಲ್ ಎಚ್‌ಡಿ, 144 ಹರ್ಟ್ಜ್" ಅಂತ ಮುಗಿಸುತ್ತಾರೆ. ಎಡಿಟಿಂಗ್ ಮಾಡುವವರಿಗೆ ಬೇಕಾದ ಸಂಖ್ಯೆಯೇ ಬೇರೆ. ಪರದೆ ಎಷ್ಟು ಬಣ್ಣ ತೋರಿಸುತ್ತದೆ ಅನ್ನುವುದನ್ನು ಎಸ್‌ಆರ್‌ಜಿಬಿ ಅಥವಾ ಅದಕ್ಕಿಂತ ಹೆಚ್ಚು ಬಣ್ಣದ ಡಿಸಿಐ-ಪಿ3 ಎಂದು ಶೇಕಡಾ ಲೆಕ್ಕದಲ್ಲಿ ಬರೆದಿರುತ್ತಾರೆ. ಫೋಟೋಗೆ ಎಸ್‌ಆರ್‌ಜಿಬಿ 100% ಇರಲೇಬೇಕು. ಕಡಿಮೆ ಬೆಲೆಯ ಎಷ್ಟೋ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ "45% ಎನ್‌ಟಿಎಸ್‌ಸಿ" ಎಂದು ಬರೆದಿರುತ್ತದೆ. ಅಂದರೆ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಮೂರರಲ್ಲಿ ಎರಡು ಪಾಲು ಮಾತ್ರ ಕಾಣುತ್ತದೆ ಅಂತ ಅರ್ಥ.

ಅದರಿಂದ ಏನಾಗುತ್ತದೆ ಅಂತ ನಾನು ಅನುಭವಿಸಿಯೇ ಕಲಿತೆ. ಕೋಲ ಕಟ್ಟುವವರ ಮುಖಕ್ಕೆ ಹಚ್ಚುವ ಅರದಾಳದ ಹಳದಿ ಉಂಟಲ್ಲ, ದೀವಟಿಗೆಯ ಬೆಳಕು ಬಿದ್ದಾಗ ಅದು ಚಿನ್ನದ ಹಾಗೆ ಕೆಂಪೇರುತ್ತದೆ. ನನ್ನ ಹಳೆಯ ಪರದೆಯಲ್ಲಿ ಆ ಹಳದಿ ಸಪ್ಪೆಯಾಗಿ, ಅಕ್ಕಿ ಹಿಟ್ಟಿಗೆ ಒಂದು ಚಿಟಿಕೆ ಅರಿಶಿನ ಕಲಸಿದಂತೆ ಕಾಣುತ್ತಿತ್ತು. ಸರಿ ಅಂತ ಬಣ್ಣ ಏರಿಸಿದೆ. ಇನ್ನೂ ಸ್ವಲ್ಪ ಏರಿಸಿದೆ. ಬೆಳಿಗ್ಗೆ ಫೋನಿನಲ್ಲಿ ನೋಡಿದರೆ ಮುಖ ಪೂರ್ತಿ ಕಿತ್ತಳೆ, ಉಡುಗೆಯ ಕೆಂಪಿನಲ್ಲಿ ಮಡಿಕೆಗಳೇ ಇಲ್ಲ, ಬರೀ ಒಂದು ಕೆಂಪು ತೇಪೆ. ನಲವತ್ತು ಚಿತ್ರ ಮತ್ತೆ ಮಾಡಿದೆ. ದೈವದ ಮುಖವರ್ಣಿಕೆಗೆ ಗಂಟೆಗಟ್ಟಲೆ ಕೂತು ಬಣ್ಣ ಹಚ್ಚಿಕೊಂಡವರ ಶ್ರಮವನ್ನು ನನ್ನ ಪರದೆ ಸುಳ್ಳು ಮಾಡಿತ್ತು. ಅಂದಿನಿಂದ ಪರದೆಯ ವಿಷಯದಲ್ಲಿ ರಾಜಿ ಮಾಡಿಕೊಂಡಿಲ್ಲ.

ಬೆಳಕಿನ ಪ್ರಮಾಣವೂ ಮುಖ್ಯ. ಮನೆಯೊಳಗೆ 300 ನಿಟ್ಸ್ ಸಾಕು. ಮಲ್ಪೆ ಬೀಚಿನ ಹತ್ತಿರದ ಹೋಟೆಲ್ ಜಗಲಿಯಲ್ಲಿ ಹಗಲು ಹೊತ್ತು ಕೂತರೆ ಅಷ್ಟರಲ್ಲಿ ನಿಮ್ಮ ಮುಖವೇ ಕಾಣುತ್ತದೆ. 400 ನಿಟ್ಸ್‌ಗಿಂತ ಕೆಳಗೆ ಇಳಿಯಬೇಡಿ.

ಕರೆಂಟ್ ಇಲ್ಲದ ಕಡೆ ಎಷ್ಟು ಹೊತ್ತು?

ಕಾರ್ಕಳ ಕಡೆಯ ಒಂದು ಮನೆಯ ಕೋಲ. ರಾತ್ರಿ ಎರಡು ಗಂಟೆ. ಎರಡೂ ಕಾರ್ಡ್ ತುಂಬಿತ್ತು. ಜನರೇಟರ್ ಇದ್ದದ್ದು ಲೈಟಿಗೆ, ಮೈಕಿಗೆ. ಅದಕ್ಕೆ ನನ್ನ ದೊಡ್ಡ ಅಡಾಪ್ಟರ್ ಹಾಕಲು ಮನಸ್ಸಾಗಲಿಲ್ಲ. ಅಂಗಳದ ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಲ್ಯಾಪ್‌ಟಾಪ್ ಇಟ್ಟು ಕಾಪಿಗೆ ಹಾಕಿದೆ. ಅರ್ಧ ದಾರಿಯಲ್ಲಿ ಬ್ಯಾಟರಿ ಕೆಂಪಾಯಿತು, ಪರದೆ ಆರಿತು. ಅತ್ತ ದೈವದ ಕಾಲಿನ ಗಗ್ಗರದ ಸದ್ದು ಹತ್ತಿರ ಬರುತ್ತಿತ್ತು. ನನ್ನ ಕೈಯಲ್ಲಿ ಖಾಲಿ ಕಾರ್ಡ್ ಇರಲಿಲ್ಲ. ಆ ಮನೆಯವರು ಅದೊಂದು ಗಳಿಗೆಯ ಚಿತ್ರಕ್ಕೇ ನನ್ನನ್ನು ಕರೆದಿದ್ದರು.

ಹಾಗಾಗಿ ಬ್ಯಾಟರಿಯನ್ನು ಎರಡು ಪ್ರಶ್ನೆಗಳಿಂದ ಅಳೆಯುತ್ತೇನೆ. ಚಾರ್ಜರ್ ತೆಗೆದ ಮೇಲೆ ಅದೇ ವೇಗ ಉಳಿಯುತ್ತದಾ? ಯುಎಸ್‌ಬಿ-ಸಿ ಚಾರ್ಜರಿನಿಂದ ಚಾರ್ಜ್ ಆಗುತ್ತದಾ? ಆಗುವುದಾದರೆ ಫೋನಿಗೂ ಲ್ಯಾಪ್‌ಟಾಪಿಗೂ 65 ಅಥವಾ 100 ವ್ಯಾಟಿನ ಒಂದೇ ಪುಟ್ಟ ಚಾರ್ಜರ್ ಸಾಕು. ಪವರ್ ಬ್ಯಾಂಕಿನಿಂದಲೂ, ಕಾರಿನ ಸಾಕೆಟ್ಟಿನಿಂದಲೂ ನಡೆಸಬಹುದು. ಮಡಗಾಂವ್‌ಗೆ ಹೋಗುವ ವಂದೇ ಭಾರತ್‌ನಲ್ಲಿ ಸೀಟಿನ ಹತ್ತಿರವೇ ಪ್ಲಗ್ ಇರುತ್ತದೆ. ಸ್ಲೀಪರ್ ಕೋಚಿನಲ್ಲಿ ಇರುವ ಒಂದೆರಡು ಪ್ಲಗ್ಗಿಗೆ ಹತ್ತು ಫೋನ್ ಕಾಯುತ್ತಿರುತ್ತವೆ. ವಿಮಾನದಲ್ಲಿ ಹೋಗುವವರು ಇನ್ನೊಂದು ನೆನಪಿಡಿ. ವಿಶೇಷ ಅನುಮತಿ ಇಲ್ಲದೆ ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವ್ಯಾಟ್ ಅವರ್. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ಜಾಗದ ಲೆಕ್ಕ

100 ಎಂಬಿಪಿಎಸ್‌ನಲ್ಲಿ 4ಕೆ ವಿಡಿಯೋ ತೆಗೆದರೆ ಗಂಟೆಗೆ 45 ಜಿಬಿ. ಕಂಬಳಕ್ಕೆ ಹೋದರೆ ಎರಡು ಕ್ಯಾಮೆರಾ, ತಲಾ ಮೂರು ಗಂಟೆ, ಅಲ್ಲಿಗೆ 270 ಜಿಬಿ. ಕನೆ ಹಲಗೆಯ ಓಟದಲ್ಲಿ ನೀರು ಚಿಮ್ಮಿ ಮೇಲೆ ಕಟ್ಟಿದ ನಿಶಾನೆ ಮುಟ್ಟುವುದನ್ನು ಸ್ಲೋ ಮೋಷನ್‌ನಲ್ಲಿ ಹಿಡಿದರೆ ಇನ್ನೂ ಜಾಸ್ತಿ. ಅದರ ಮೇಲೆ ಸಾವಿರ ರಾ ಫೋಟೋ (ಕ್ಯಾಮೆರಾ ಹಿಡಿದದ್ದನ್ನೆಲ್ಲ ಹಾಗೇ ಉಳಿಸುವ ಫೈಲ್), ಒಂದೊಂದು 25ರಿಂದ 50 ಎಂಬಿ. ಅಂದರೆ 256 ಜಿಬಿ ಲ್ಯಾಪ್‌ಟಾಪಿನಲ್ಲಿ ಒಂದು ದಿನದ ಕಂಬಳ ಹಿಡಿಸುವುದಿಲ್ಲ. ಒಳಗೆ 512 ಜಿಬಿ ಇರಲಿ, ಜೊತೆಗೆ 1 ಟಿಬಿಯ ಎರಡು ಪುಟ್ಟ ಎಸ್‌ಎಸ್‌ಡಿ ಇರಲಿ. ಒಂದು ನಿಮ್ಮ ಬ್ಯಾಗಿನಲ್ಲಿ, ಇನ್ನೊಂದು ಜೊತೆಗಾರರ ಬ್ಯಾಗಿನಲ್ಲಿ.

ಕಾರ್ಡ್ ರೀಡರ್ ಬಗ್ಗೆ ಯಾರೂ ಯೋಚಿಸುವುದಿಲ್ಲ. 128 ಜಿಬಿ ಕಾರ್ಡನ್ನು ಹಳೆಯ ಯುಎಸ್‌ಬಿ 2 ರೀಡರಿನಲ್ಲಿ ಖಾಲಿ ಮಾಡಲು ಒಂದು ಗಂಟೆ ಬೇಕು. ಮಾಮೂಲಿ ಯುಎಚ್‌ಎಸ್-1 ಕಾರ್ಡಿಗೆ ಒಳ್ಳೆಯ ರೀಡರ್ ಹಾಕಿದರೆ 25 ನಿಮಿಷದ ಒಳಗೆ. ಯುಎಚ್‌ಎಸ್-2 ಕಾರ್ಡ್ ಮತ್ತು ಅದಕ್ಕೆ ತಕ್ಕ ರೀಡರ್ ಇದ್ದರೆ ಎಂಟೊಂಬತ್ತು ನಿಮಿಷ. ಲ್ಯಾಪ್‌ಟಾಪಿನ ವೇಗಕ್ಕೆ ಸಾವಿರಾರು ರೂಪಾಯಿ ಹೆಚ್ಚು ಕೊಡುವ ಮೊದಲು ಇಲ್ಲಿ ಸ್ವಲ್ಪ ಖರ್ಚು ಮಾಡಿ.

ರ್‍ಯಾಮ್ 16 ಜಿಬಿಗಿಂತ ಕಡಿಮೆ ಬೇಡವೇ ಬೇಡ. 4ಕೆ ವಿಡಿಯೋ, ಜಾಸ್ತಿ ಲೇಯರ್ ಅಂದರೆ 24 ಅಥವಾ 32. ಮ್ಯಾಕ್‌ಬುಕ್‌ನಲ್ಲಿ ರ್‍ಯಾಮ್ ಆಮೇಲೆ ಹೆಚ್ಚಿಸಲು ಆಗುವುದಿಲ್ಲ, ಎಷ್ಟೋ ತೆಳು ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲೂ ಆಗುವುದಿಲ್ಲ.

ನಿಮ್ಮ ಕ್ಯಾಮೆರಾ ಯಾವುದು?

ಇದು ಅಂಗಡಿಯಲ್ಲಿ ಯಾರೂ ಕೇಳದ ಪ್ರಶ್ನೆ. ಸೋನಿ ಎ7 4, ಕ್ಯಾನನ್ ಆರ್6 ಮಾರ್ಕ್ 2 ತರದ ಕ್ಯಾಮೆರಾಗಳು 10 ಬಿಟ್, 4:2:2 ಬಣ್ಣದಲ್ಲಿ ಎಚ್.265 ವಿಡಿಯೋ ಕೊಡುತ್ತವೆ. ಅಂದರೆ ಬಣ್ಣದ ವಿವರ ಜಾಸ್ತಿ ಉಳಿಸಿಕೊಂಡು, ಒತ್ತಿ ಸಣ್ಣದು ಮಾಡಿದ ಫೈಲ್. ಗ್ರೇಡಿಂಗ್‌ಗೆ, ಅಂದರೆ ವಿಡಿಯೋದ ಬಣ್ಣ ತಿದ್ದಲು, ಬಹಳ ಚೆನ್ನ. ಆದರೆ ಆ ಫೈಲನ್ನು ಬಿಡಿಸುವ ಪ್ರತ್ಯೇಕ ಭಾಗ ಚಿಪ್ಪಿನಲ್ಲಿ ಇಲ್ಲದಿದ್ದರೆ ಟೈಮ್‌ಲೈನ್ ತಡವರಿಸುತ್ತದೆ. ಆಪಲ್‌ನ ಎಂ1ರಿಂದ ಮುಂದಿನ ಎಲ್ಲ ಚಿಪ್‌ಗಳಲ್ಲೂ ಅದಿದೆ. ಇಂಟೆಲ್ 11ನೇ ತಲೆಮಾರಿನಿಂದ ಮುಂದೆ ಇದೆ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಬಂದದ್ದು ಆರ್‌ಟಿಎಕ್ಸ್ 50 ಸರಣಿಯಲ್ಲಿ ಮಾತ್ರ. ಹಾಗಾಗಿ ಎಎಮ್‌ಡಿ ರೈಜನ್ ಜೊತೆ ಆರ್‌ಟಿಎಕ್ಸ್ 4060 ಇರುವ ಲ್ಯಾಪ್‌ಟಾಪ್ ಕಾಗದದ ಮೇಲೆ ಬಲಶಾಲಿಯಾದರೂ ಈ ಒಂದು ಫೈಲ್ ಮುಂದೆ ಏದುಸಿರು ಬಿಡುತ್ತದೆ. ಅದೇ 4060 ಇಂಟೆಲ್ ಜೊತೆ ಇದ್ದರೆ ಸಲೀಸು.

ಡ್ರೋನ್, ಗೋಪ್ರೋ, ಫೋನ್ ಮಾತ್ರ ಬಳಸುವವರಿಗೆ ಈ ಚಿಂತೆ ಇಲ್ಲ, ಅವುಗಳ ಮಾಮೂಲಿ ಎಚ್.265 ಫೈಲ್ ಬಣ್ಣದ ವಿವರ ಕಡಿಮೆ ಇರುವ 4:2:0 ಆಗಿರುತ್ತದೆ. ಇರುವ ಲ್ಯಾಪ್‌ಟಾಪ್‌ನಲ್ಲೇ ನಡೆಸಬೇಕು ಅನ್ನುವವರು ಪ್ರಾಕ್ಸಿ ಮಾಡಿಕೊಳ್ಳಿ. ಮೂಲ ಫೈಲಿನ ಸಣ್ಣ ಕಾಪಿ ಮಾಡಿ ಅದರ ಮೇಲೆ ಎಡಿಟ್ ಮಾಡುವುದು, ಎಕ್ಸ್‌ಪೋರ್ಟ್ ಹೊತ್ತಿಗೆ ಮೂಲ ಫೈಲ್ ಬಳಸುವುದು. ಹಳೆಯ ಲ್ಯಾಪ್‌ಟಾಪ್ ಇನ್ನೆರಡು ವರ್ಷ ಎಳೆಯುತ್ತದೆ.

ಈಗ ಒಂದೊಂದಾಗಿ

ಗೇಮಿಂಗ್ ಲ್ಯಾಪ್‌ಟಾಪ್. ಎಂಬತ್ತು ಸಾವಿರದಿಂದ ಒಂದು ಲಕ್ಷದ ಆಸುಪಾಸಿನಲ್ಲಿ ಇಷ್ಟು ಗ್ರಾಫಿಕ್ಸ್ ಶಕ್ತಿ ಬೇರೆ ಯಾವುದರಲ್ಲೂ ಸಿಗುವುದಿಲ್ಲ. ಡಾವಿಂಚಿ ರಿಸಾಲ್ವ್ ಎಂಬ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಎಫೆಕ್ಟ್ ಹಾಕುವವರಿಗೆ, ಗಂಟೆಗಟ್ಟಲೆ ಮದುವೆ ವಿಡಿಯೋ ಎಕ್ಸ್‌ಪೋರ್ಟ್ ಮಾಡುವವರಿಗೆ ಇದು ನಿಜವಾದ ಲಾಭ. ಹೆಚ್ಚಿನವುಗಳಲ್ಲಿ ರ್‍ಯಾಮ್ ಬದಲಾಯಿಸಬಹುದು, ಎರಡನೇ ಎಸ್‌ಎಸ್‌ಡಿಗೂ ಜಾಗ ಇರುತ್ತದೆ. ಆರ್‌ಟಿಎಕ್ಸ್ 4050ರಲ್ಲಿ ಗ್ರಾಫಿಕ್ಸ್ ಮೆಮೊರಿ 6 ಜಿಬಿ, 4060ರಲ್ಲಿ 8. 4ಕೆ ಕೆಲಸಕ್ಕೆ ಆ 2 ಜಿಬಿ ವ್ಯತ್ಯಾಸ ಗೊತ್ತಾಗುತ್ತದೆ. ತೊಂದರೆ ಏನು? ತೂಕ 2.2ರಿಂದ 2.5 ಕಿಲೋ, ಅಡಾಪ್ಟರ್ ಬೇರೆ. ಬೇಸ್ ಪಾಯಿಂಟಿನಿಂದ ಕುದುರೆಮುಖ ಹತ್ತುವ ದಿನ ಇದನ್ನು ಯಾರೂ ಹೊರಲಾರರು. ಚಾರ್ಜರ್ ತೆಗೆದ ಕೂಡಲೇ ಗ್ರಾಫಿಕ್ಸ್ ಕಾರ್ಡಿನ ವೇಗ ಬಿದ್ದುಹೋಗುತ್ತದೆ. ಪರದೆಯ ಕಥೆ ಆಗಲೇ ಹೇಳಿದೆ. ಮನೆಗೆ ಬಂದು ಮೇಜಿನ ಮೇಲೆ ಕೆಲಸ ಮುಗಿಸುವವರಿಗೆ, ಎಸ್‌ಆರ್‌ಜಿಬಿ 100% ಪರದೆ ಇದ್ದರೆ, ಧೈರ್ಯವಾಗಿ ತಗೊಳ್ಳಿ.

ಮ್ಯಾಕ್‌ಬುಕ್ ಏರ್. ಎಂ4 ಚಿಪ್ಪಿನ 13 ಇಂಚಿನ ಏರ್ 2025ರಲ್ಲಿ ಇಲ್ಲಿಗೆ ಬಂದಾಗ ಬೆಲೆ ₹99,900. ತೂಕ 1.24 ಕಿಲೋ. 16 ಜಿಬಿ ರ್‍ಯಾಮ್, 500 ನಿಟ್ಸ್ ಪರದೆ, ಪಿ3 ಬಣ್ಣ. ಬ್ಯಾಟರಿಯಲ್ಲೂ ಅದೇ ವೇಗ. ಸಾವಿರ ರಾ ಫೋಟೋ ಆರಿಸಿ, ಬಣ್ಣ ಸರಿಮಾಡಿ, ಎರಡು ರೀಲ್ ಕತ್ತರಿಸಿ ಕಳಿಸುವ ಕೆಲಸಕ್ಕೆ ಇದಕ್ಕಿಂತ ಹಗುರ ಸಂಗಾತಿ ನಾನು ಕಂಡಿಲ್ಲ. ಇದರಲ್ಲಿ ಫ್ಯಾನ್ ಇಲ್ಲ. ಇದು ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು. ಪಣಂಬೂರಿನ ಮರಳು, ಉಪ್ಪುಗಾಳಿಯನ್ನು ಒಳಗೆ ಎಳೆದುಕೊಳ್ಳುವುದಿಲ್ಲ. ಆದರೆ ಏಪ್ರಿಲ್ ಸೆಕೆಯಲ್ಲಿ ಒಂದು ಗಂಟೆಯ ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿದರೆ ಬಿಸಿಯೇರಿ ನಿಧಾನವಾಗುತ್ತದೆ. ಕಾರ್ಡ್ ಸ್ಲಾಟ್ ಇಲ್ಲ, ಯುಎಸ್‌ಬಿ-ಸಿ ಪೋರ್ಟ್ ಎರಡೇ. ಆ ಬೆಲೆಗೆ ಸಿಗುತ್ತಿದ್ದದ್ದು 256 ಜಿಬಿ, ಹಾಗಾಗಿ ಹೊರಗಿನ ಎಸ್‌ಎಸ್‌ಡಿ ಕಡ್ಡಾಯ. ಆಪಲ್‌ನವರು 18 ಗಂಟೆ ವಿಡಿಯೋ ನೋಡಬಹುದು ಅನ್ನುತ್ತಾರೆ. ಎಡಿಟಿಂಗ್‌ಗೆ ಅದರ ಅರ್ಧಕ್ಕಿಂತ ಕಡಿಮೆ ಅಂತ ಲೆಕ್ಕ ಹಾಕಿಕೊಳ್ಳಿ. ಆದರೂ ಒಂದು ಕೋಲದ ರಾತ್ರಿಗೆ ಸಾಕು.

ಮ್ಯಾಕ್‌ಬುಕ್ ಪ್ರೊ 14. ದಾರಿಯಲ್ಲೇ ಪೂರ್ತಿ ಕೆಲಸ ಮುಗಿಸಿ ಅದರಿಂದಲೇ ಹೊಟ್ಟೆ ತುಂಬಿಸಿಕೊಳ್ಳುವವರಿಗೆ ನನ್ನ ಮೊದಲ ಆಯ್ಕೆ. ಎಂ4 ಪ್ರೊಸೆಸರಿನದು ಬಂದಾಗ ₹1,69,900 ಇತ್ತು. 1.55 ಕಿಲೋ, ಫ್ಯಾನ್ ಉಂಟು, ಎಸ್‌ಡಿ ಕಾರ್ಡ್ ಸ್ಲಾಟ್ ಉಂಟು, ಎಚ್‌ಡಿಎಂಐ ಉಂಟು. ಹೊರಗಿನ ಬಿಸಿಲಿನಲ್ಲಿ ಪರದೆ 1000 ನಿಟ್ಸ್‌ವರೆಗೆ ಬೆಳಗುತ್ತದೆ. ಮರವಂತೆಯಲ್ಲಿ ಕಾರಿನ ಸೀಟಿನಲ್ಲೇ ಕೂತು ಗ್ರೇಡಿಂಗ್ ಮಾಡಿದ್ದೇನೆ, ಕಣ್ಣು ಕಿರಿದು ಮಾಡಬೇಕಾಗಲಿಲ್ಲ. ಏರ್‌ಗಿಂತ ಎಪ್ಪತ್ತು ಸಾವಿರ ಜಾಸ್ತಿ. ತಿಂಗಳಿಗೆ ಎರಡು ಮೂರು ಸಣ್ಣ ಕೆಲಸ ಮಾಡುವವರಿಗೆ ಆ ದುಡ್ಡಿನಲ್ಲಿ ಒಂದು ಒಳ್ಳೆಯ ಲೆನ್ಸ್ ಬರುತ್ತದೆ. ಅವರು ಲೆನ್ಸ್ ತಗೊಳ್ಳಲಿ ಅಂತಲೇ ಹೇಳುತ್ತೇನೆ.

ಓಎಲ್‌ಇಡಿ ಪರದೆಯ ತೆಳು ವಿಂಡೋಸ್ ಲ್ಯಾಪ್‌ಟಾಪ್. ಆಸುಸ್ ಪ್ರೊಆರ್ಟ್ ಪಿ16 ಇದಕ್ಕೆ ಒಳ್ಳೆಯ ಉದಾಹರಣೆ. 16 ಇಂಚು, 1.85 ಕಿಲೋ, ಪೂರ್ಣ ಗಾತ್ರದ ಎಸ್‌ಡಿ ಸ್ಲಾಟ್, ಕಪ್ಪು ನಿಜವಾಗಿಯೂ ಕಪ್ಪಾಗಿ ಕಾಣುವ ಪರದೆ. ರಾತ್ರಿಯ ಯಕ್ಷಗಾನದ ಚಿತ್ರಗಳನ್ನು ಇಂಥ ಪರದೆಯಲ್ಲಿ ನೋಡುವುದೇ ಒಂದು ಸುಖ. ವಿಂಡೋಸ್ ಬಿಟ್ಟು ಬರಲು ಆಗದವರಿಗೆ ಇದು ಪ್ರೊಗೆ ಸಾಟಿ, ಬೆಲೆಯಲ್ಲೂ ಸಾಟಿ, ಎರಡು ಲಕ್ಷ ದಾಟುವುದೂ ಉಂಟು. ಬ್ಯಾಟರಿಯಲ್ಲಿ ಮಾತ್ರ ಪ್ರೊ ಮುಂದೆ ನಿಲ್ಲುವುದಿಲ್ಲ. ಮೇಲೆ ಹೇಳಿದ 4:2:2 ವಿಷಯವನ್ನು ಇದರಲ್ಲಿ ಪರೀಕ್ಷಿಸಿಯೇ ತಗೊಳ್ಳಿ. ಎಎಮ್‌ಡಿ ಜೊತೆ 40 ಸರಣಿ ಇರುವ ಮಾಡೆಲ್‌ಗಳೂ ಇವೆ.

ಕೈಯಲ್ಲಿ ಅರವತ್ತು, ಎಪ್ಪತ್ತು ಸಾವಿರ ಮಾತ್ರ ಇದ್ದರೆ? ಹೊಸದರಲ್ಲಿ ಅರೆಮನಸ್ಸಿನದು ತಗೊಳ್ಳುವ ಬದಲು 2021ರ ಎಂ1 ಪ್ರೊ ಚಿಪ್ಪಿನ 14 ಇಂಚಿನ ಮ್ಯಾಕ್‌ಬುಕ್ ಪ್ರೊ ಸೆಕೆಂಡ್ ಹ್ಯಾಂಡ್ ಹುಡುಕಿ. ಅದೇ ಎಸ್‌ಡಿ ಸ್ಲಾಟ್, ಪಿ3 ಬಣ್ಣದ ಒಳ್ಳೆಯ ಪರದೆ, ಕನಿಷ್ಠ 16 ಜಿಬಿ ರ್‍ಯಾಮ್. ಬ್ಯಾಟರಿ ಎಷ್ಟು ಸೈಕಲ್ ಓಡಿದೆ, ಅಂದರೆ ಪೂರ್ತಿ ಚಾರ್ಜಿನಷ್ಟು ಎಷ್ಟು ಸಲ ಖರ್ಚಾಗಿದೆ ನೋಡಿ. ಆಪಲ್ ಇಟ್ಟ ಗಡಿ 1000. ಹಳೆಯ ಮಾಲೀಕರ ಖಾತೆ ಅದರಿಂದ ಪೂರ್ತಿ ತೆಗೆದಿದ್ದಾರಾ, ಯಾವುದಾದರೂ ಕಂಪನಿಯ ಲಾಕ್ ಇದೆಯಾ, ನಿಮ್ಮ ಎದುರೇ ಹೊಸದಾಗಿ ಸೆಟ್ ಮಾಡಿಸಿ ಖಚಿತ ಮಾಡಿಕೊಳ್ಳಿ. ಇದನ್ನು ಬಿಟ್ಟವರು ದುಡ್ಡು ಕಳಕೊಂಡದ್ದುಂಟು.

ಐಪ್ಯಾಡ್ ಬಗ್ಗೆಯೂ ಕೇಳುತ್ತಾರೆ. ಫೋಟೋ ತಿದ್ದುವ ಲೈಟ್‌ರೂಮ್, ಡಾವಿಂಚಿ ರಿಸಾಲ್ವ್ ಎರಡೂ ಅದರಲ್ಲಿ ನಡೆಯುತ್ತವೆ. ಫೋಟೋ ಮಾತ್ರ ಮಾಡುವವರಿಗೆ ಚೆನ್ನ. ನೂರಾರು ಜಿಬಿ ಫೈಲ್ ಎರಡು ಡ್ರೈವ್‌ಗೆ ಹಂಚುವ ಕೆಲಸ ಅದರಲ್ಲಿ ಬೇಸರ ತರಿಸುತ್ತದೆ.

ಸಾಫ್ಟ್‌ವೇರ್ ಖರ್ಚನ್ನೂ ಸೇರಿಸಿ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಅಲ್ಟ್ರಾ ಎಚ್‌ಡಿವರೆಗೆ, ಸೆಕೆಂಡಿಗೆ 60 ಫ್ರೇಮ್‌ವರೆಗೆ ವಿಡಿಯೋ ಕೊಡುತ್ತದೆ. ಕಲಿಯುವವರಿಗೆ, ರೀಲ್ ಮಾಡುವವರಿಗೆ ಅದೇ ಧಾರಾಳ.

ನಮ್ಮ ಮಳೆ, ನಮ್ಮ ಉಪ್ಪುಗಾಳಿ

ಬೆಂಗಳೂರಿನವರು ಬರೆದದ್ದರಲ್ಲಿ ಈ ಮಾತು ಸಿಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಚರ್ಮದ ಚಪ್ಪಲಿಗೇ ಬೂಸಲು ಬರುತ್ತದೆ, ಲೆನ್ಸಿಗೆ ಬರುತ್ತದೆ, ಲ್ಯಾಪ್‌ಟಾಪನ್ನು ಬಿಡುತ್ತದಾ? ನನ್ನ ಹಳೆಯ ಲ್ಯಾಪ್‌ಟಾಪಿನ ಪೋರ್ಟ್ ಒಂದು ಜುಲೈನಲ್ಲಿ ಹಸಿರು ಹಿಡಿಯಿತು, ಆಮೇಲೆ ಬೋರ್ಡೇ ಹೋಯಿತು. ಬಿಡಿಭಾಗ ಹೊರಗಿನಿಂದ ಬರಬೇಕು ಎಂದರು. ಮೂರು ವಾರ ಕೆಲಸ ನಿಂತಿತು. ಅದಕ್ಕೇ ತಗೊಳ್ಳುವ ಮೊದಲು ಕೇಳಿ: ಮನೆಗೆ ಬಂದು ರಿಪೇರಿ ಮಾಡುವ ವಾರಂಟಿ ನಿಮ್ಮ ಪಿನ್‌ಕೋಡ್‌ಗೆ ಉಂಟಾ? ಸರ್ವಿಸ್ ಸೆಂಟರ್ ಮಂಗಳೂರಿನಲ್ಲಿ ಉಂಟಾ, ಅಥವಾ ಪಾರ್ಸೆಲ್ ಕಳಿಸಬೇಕಾ? ಬಿದ್ದರೆ, ನೀರು ತಾಗಿದರೆ ಸಿಗುವ ವಾರಂಟಿ ಬೇರೆಯಾಗಿ ಸಿಗುತ್ತದೆ. ತಿರುಗುವವರು ಅದನ್ನು ಬಿಡಬಾರದು.

ಬ್ಯಾಗಿನಲ್ಲಿ ಸಿಲಿಕಾ ಜೆಲ್ ಇಡಿ, ತಿಂಗಳಿಗೊಮ್ಮೆ ಬದಲಿಸಿ. ಎಸಿ ಕಾರಿನಿಂದ ಇಳಿದ ಕೂಡಲೇ ಲ್ಯಾಪ್‌ಟಾಪ್ ತೆರೆಯಬೇಡಿ. ತಣ್ಣಗಿನ ಲೋಹಕ್ಕೆ ಕರಾವಳಿಯ ಗಾಳಿ ತಾಗಿದರೆ ನೀರು ಕೂರುತ್ತದೆ. ಬ್ಯಾಗಿನೊಳಗೇ ಅರ್ಧ ಗಂಟೆ ಇರಲಿ.

ಅಂಗಡಿಗೆ ಹೋಗುವ ದಿನ

ಒಟ್ಟು ಬಜೆಟ್ಟಿನಿಂದ ಹದಿನೈದು ಇಪ್ಪತ್ತು ಸಾವಿರ ಬದಿಗಿಡಿ. ಅದು ಎಸ್‌ಎಸ್‌ಡಿ, ಕಾರ್ಡ್ ರೀಡರ್, ಸಣ್ಣ ಚಾರ್ಜರಿಗೆ. 2025ರ ಕೊನೆಯಿಂದ ರ್‍ಯಾಮ್, ಎಸ್‌ಎಸ್‌ಡಿ ಎರಡರ ಬೆಲೆಯೂ ಏರಿದೆ, ಆದ್ದರಿಂದ ಇಲ್ಲಿ ಕೊಟ್ಟ ಬೆಲೆಗಳನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ. ಉಳಿದದ್ದರಲ್ಲಿ ಲ್ಯಾಪ್‌ಟಾಪ್ ನೋಡಿ. ನಿಮ್ಮದೇ ಕ್ಯಾಮೆರಾದ ಎರಡು ವಿಡಿಯೋ, ಹತ್ತು ರಾ ಫೋಟೋ ಒಂದು ಎಸ್‌ಎಸ್‌ಡಿಯಲ್ಲಿ ಹಾಕಿಕೊಂಡು ಹೋಗಿ. ಹಂಪನಕಟ್ಟೆಯ ಅಂಗಡಿಯಾಗಲಿ, ಮಣಿಪಾಲದ್ದಾಗಲಿ, ಮರ್ಯಾದೆಯಿಂದ ಕೇಳಿದರೆ ಡಿಸ್‌ಪ್ಲೇ ಪೀಸ್‌ನಲ್ಲಿ ತೆರೆಯಲು ಹೆಚ್ಚಿನವರು ಬಿಡುತ್ತಾರೆ. ಚಾರ್ಜರ್ ತೆಗೆದು ವಿಡಿಯೋ ಓಡಿಸಿ. ಅದೇ ಚಿತ್ರವನ್ನು ಒಳ್ಳೆಯ ಫೋನ್ ಪಕ್ಕದಲ್ಲಿ ಹಿಡಿದು ಬಣ್ಣ ನೋಡಿ. ಆಮೇಲೆ ಲ್ಯಾಪ್‌ಟಾಪ್, ಅಡಾಪ್ಟರ್ ಎರಡನ್ನೂ ನಿಮ್ಮ ಕ್ಯಾಮೆರಾ ಬ್ಯಾಗಿಗೆ ಹಾಕಿ ಹೆಗಲಿಗೇರಿಸಿ ನಾಲ್ಕು ಹೆಜ್ಜೆ ನಡೆಯಿರಿ.

ಮಣಿಪಾಲದ ಹುಡುಗ ಶನಿವಾರ ಹಾಗೆಯೇ ಹೋದ. ಅವನದು ಮದುವೆ ಕೆಲಸ, ಎಡಿಟ್ ಮಾಡುವುದು ರೂಮಿನಲ್ಲಿ, ಹಾಗಾಗಿ ಗೇಮಿಂಗ್ ಲ್ಯಾಪ್‌ಟಾಪೇ ಸರಿ ಎಂದಿದ್ದೆ. ಪಟ್ಟಿಯಲ್ಲಿ ಮೊದಲಿದ್ದದ್ದನ್ನು ತೆರೆದು ಮದುಮಗಳ ಸೀರೆಯ ಚಿತ್ರ ಹಾಕಿದನಂತೆ. ಮೈಸೂರು ರೇಷ್ಮೆಯ ಕಡುಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಎರಡನೆಯದು ಎಸ್‌ಆರ್‌ಜಿಬಿ 100%, ಇಂಟೆಲ್ ಪ್ರೊಸೆಸರ್, ಆರು ಸಾವಿರ ಜಾಸ್ತಿ. ಅದರಲ್ಲಿ ಸೀರೆ ಸೀರೆಯ ಹಾಗೇ ಕಂಡಿತು. ಅಂಗಡಿಯಿಂದಲೇ ಫೋನ್ ಮಾಡಿದ. "ಅಣ್ಣಾ, ಇದನ್ನೇ ತಗೊಂಡೆ. ಎಸ್‌ಎಸ್‌ಡಿ ಈಗ ಒಂದು, ಮುಂದಿನ ತಿಂಗಳು ಇನ್ನೊಂದು, ಆಗದಾ?" ಅಲ್ಲಿಯವರೆಗೆ ನನ್ನದೊಂದು ಒಯ್ಯಲು ಹೇಳಿದ್ದೇನೆ.